ಒಬ್ಬನೇ ಒಡೆಯನ ದಾಸ

(ಉಡುಪಿಯಲ್ಲಿ ಮಳೆಗಾಲದ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಬಾರಿ ಬಂದದ್ದನ್ನು ಕಡಿಮೆ ಮಾಡಿದ್ದೇನೆ. ಸಭೆಯಿಂದ ಬಂದ ಪ್ರಶ್ನೆಗಳನ್ನು ಕೊನೆಗೆ ತಳ್ಳದೆ, ಅವು ಎದ್ದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಮೊದಲು ಈ ಮೇಜಿನ ಮೇಲಿರುವುದನ್ನು ನೋಡಿ. ಎರಡು ಕೇಬಲ್. ಎರಡೂ ಕಪ್ಪು, ಎರಡೂ ಸುಮಾರು ಒಂದು ಮೀಟರ್ ಉದ್ದ, ಎರಡರ ತುದಿಯಲ್ಲೂ ಇರುವುದು ಒಂದೇ ಬಗೆಯ ಟೈಪ್-ಸಿ ಪ್ಲಗ್. ಒಂದು ನನ್ನ ಮೊಬೈಲಿನ ಚಾರ್ಜರ್ ಜೊತೆ ಬಂದದ್ದು. ಇನ್ನೊಂದು ಈ ಬೆಂಕಿಪೊಟ್ಟಣದಷ್ಟು ದಪ್ಪದ ಎಸ್‌ಎಸ್‌ಡಿ, ಅಂದರೆ ಚಿಪ್ಪುಗಳಲ್ಲೇ ಡೇಟಾ ಹಿಡಿದಿಡುವ ಡಿಸ್ಕಿನ ಜೊತೆ ಬಂದದ್ದು. ಲ್ಯಾಪ್‌ಟಾಪಿನಲ್ಲಿ ಮದುವೆಯೊಂದರ ವಿಡಿಯೊ ಇದೆ, 20 ಜಿಬಿ. ಎಸ್‌ಎಸ್‌ಡಿಗೆ ಅದರದ್ದೇ ಕೇಬಲ್ ಹಾಕಿ ಪ್ರತಿ ಮಾಡುತ್ತೇನೆ. ಮುಂದಿನ ಸಾಲಿನವರು ಗಡಿಯಾರ ನೋಡಿ.

24 ಸೆಕೆಂಡ್. ಈಗ ಅದೇ ಎಸ್‌ಎಸ್‌ಡಿ, ಅದೇ ವಿಡಿಯೊ, ಲ್ಯಾಪ್‌ಟಾಪಿನ ಅದೇ ತೂತು. ಕೇಬಲ್ ಮಾತ್ರ ಮೊಬೈಲಿನದು. ಶುರು ಮಾಡಿದ್ದೇನೆ. ಅದು ಅದರ ಪಾಡಿಗೆ ಓಡುತ್ತಿರಲಿ, ನಾವು ಮಾತು ಮುಂದುವರಿಸೋಣ.

ಇಂದಿನ ವಿಷಯದ ಹೆಸರು ಡೈರೆಕ್ಟ್ ಅಟ್ಯಾಚ್ಡ್ ಸ್ಟೋರೇಜ್. ಕಂಪ್ಯೂಟರಿಗೋ ಸರ್ವರಿಗೋ ನೇರವಾಗಿ ಜೋಡಿಸಿದ ಸಂಗ್ರಹ. ನಡುವೆ ನೆಟ್‌ವರ್ಕ್ ಇಲ್ಲ, ಸ್ವಿಚ್ ಇಲ್ಲ, ಬೇರೊಂದು ಯಂತ್ರದ ಅಪ್ಪಣೆ ಇಲ್ಲ. ಲ್ಯಾಪ್‌ಟಾಪಿನ ಒಳಗಿನ ಡಿಸ್ಕೂ ಇದೇ ಜಾತಿ, ನೀವು ಚೀಲದಲ್ಲಿ ಹಾಕಿಕೊಂಡು ತಿರುಗುವ ಹಾರ್ಡ್ ಡಿಸ್ಕೂ ಇದೇ ಜಾತಿ. ಸರ್ವರಿನ ಮುಂಭಾಗದಲ್ಲಿ ಅಂಚೆ ಪೆಟ್ಟಿಗೆಗಳ ಹಾಗೆ ಸಾಲಾಗಿ ಕುಳಿತಿರುವ ಡಿಸ್ಕುಗಳೂ ಇದೇ ಜಾತಿ. ಮೂರು ಮೊದಲಕ್ಷರ ಕೂಡಿಸಿ ಇದನ್ನು ಡ್ಯಾಸ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ನಮ್ಮವರು ಓದಿದರೆ ದಾಸ್ ಎಂದೂ ಆದೀತು. ಕನಕನ ಕಿಂಡಿ ಇರುವ ಊರಿನಲ್ಲಿ ದಾಸ ಎಂಬ ಮಾತನ್ನು ಹಗುರವಾಗಿ ಆಡಬಾರದು ಎಂಬುದು ನನಗೆ ಗೊತ್ತಿದೆ. ಆದರೂ ಈ ವ್ಯವಸ್ಥೆಯ ಗುಣವೂ ದೋಷವೂ ಆ ಒಂದು ಪದದಲ್ಲೇ ಕುಳಿತಿವೆ. ಇದು ಒಬ್ಬನೇ ಒಡೆಯನ ದಾಸ. ಒಡೆಯ ಕೇಳಿದ ತಕ್ಷಣ ಕೊಡುತ್ತದೆ, ಬೇರೆ ಯಾರು ಕರೆದರೂ ಓಗೊಡುವುದಿಲ್ಲ, ಒಡೆಯ ಮಲಗಿದರೆ ತಾನೂ ಮಲಗುತ್ತದೆ.

ನಮ್ಮ ಕಡೆ ಅಡುಗೆಮನೆಗೆ ತಾಗಿಯೇ ಬಾವಿ ಇರುವ ಮನೆಗಳಿವೆ. ಒಲೆಯ ಮುಂದಿನಿಂದ ಎದ್ದು ಎರಡು ಹೆಜ್ಜೆ ಇಟ್ಟು, ಕಿಟಕಿಯಿಂದಲೇ ಕೊಡಪಾನ ಇಳಿಸಿ ನೀರು ಸೇದಬಹುದು. ಅದು ಡ್ಯಾಸ್. ಪುರಸಭೆಯ ನಳ್ಳಿ ನೀರು ನೆಟ್‌ವರ್ಕಿನ ಸಂಗ್ರಹ. ಹತ್ತು ಮನೆಗೆ ಹಂಚಬಹುದು, ಆದರೆ ಪೈಪು ಎಷ್ಟು ದಪ್ಪವೋ ಅಷ್ಟೇ ನೀರು.

ಕಂಪ್ಯೂಟರಿನ ಡಿಸ್ಕು ಹುಟ್ಟಿದ್ದೇ ಬಾವಿಯಾಗಿ. 1956ರಲ್ಲಿ ಐಬಿಎಂ ಹೊರತಂದ ರಾಮ್ಯಾಕ್ ಯಂತ್ರದ ಡಿಸ್ಕ್ ಘಟಕದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ತೂಕ ಒಂದು ಟನ್ ಆಸುಪಾಸು, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಒಳ್ಳೆಯ ಫೋಟೊಗೂ ಅದು ಸಾಲದು. ಆಗ ಅದನ್ನು ಯಾರೂ 'ನೇರ ಜೋಡಣೆಯ ಸಂಗ್ರಹ' ಎಂದು ಕರೆಯಲಿಲ್ಲ, ಬೇರೆ ಬಗೆಯೇ ಇರಲಿಲ್ಲವಲ್ಲ. ನಳ್ಳಿ ಬಂದ ಮೇಲೆ ತಾನೇ ನಾವು 'ಇದು ಬಾವಿ ನೀರು' ಎಂದು ಬಿಡಿಸಿ ಹೇಳಲು ಶುರು ಮಾಡಿದ್ದು? ಇದೂ ಹಾಗೆಯೇ. ನೆಟ್‌ವರ್ಕಿನ ಮೇಲೆ ಸಂಗ್ರಹ ಇಡುವ ಪದ್ಧತಿ ಬಂದ ಮೇಲೆ, ಹಳೆಯದಕ್ಕೆ ಹೊಸ ಹೆಸರು ಬಿತ್ತು.

ಈಗ ಜೋಡಣೆಯ ವಿಷಯ. ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಒಂದು ಭಾಷೆ ಬೇಕು. ನೀವು ಅಂಗಡಿಯಲ್ಲಿ ಕೇಳುವ ಹೆಸರುಗಳು ಮುಖ್ಯವಾಗಿ ಮೂರು: ಸಾಟಾ, ಸ್ಯಾಸ್, ಎನ್‌ವಿಎಂಇ. ಪೆಟ್ಟಿಗೆ ಹೊರಗಿದ್ದರೆ ಯುಎಸ್‌ಬಿ, ಥಂಡರ್‌ಬೋಲ್ಟ್ ಎಂಬ ಇನ್ನೆರಡು ಹೆಸರುಗಳೂ ಸೇರುತ್ತವೆ.

ಸಾಟಾ ಮನೆ ಮಾತಿನ ಹಾಗೆ, ಎಲ್ಲ ಕಡೆ ನಡೆಯುತ್ತದೆ. ಅದರ ಮೂರನೆಯ ಪೀಳಿಗೆಯ ವೇಗ ಸೆಕೆಂಡಿಗೆ 6 ಗಿಗಾಬಿಟ್. ಬಿಟ್ ಮತ್ತು ಬೈಟಿನ ಗೊಂದಲದಲ್ಲಿ ಗಿರಾಕಿಯ ಕಿಸೆಗೆ ಕತ್ತರಿ ಬೀಳುವುದು ಇಲ್ಲೇ. ಎಂಟು ಬಿಟ್ ಸೇರಿದರೆ ಒಂದು ಬೈಟ್. 8 ಬಿಟ್ ಸಾಗಿಸಲು ಸಾಟಾ ತಂತಿಯ ಮೇಲೆ 10 ಬಿಟ್ ಕಳುಹಿಸುತ್ತದೆ. ಹಾಗಾಗಿ ಆರು ಗಿಗಾಬಿಟ್ ಎಂದರೆ ಹತ್ತರಿಂದ ಭಾಗಿಸಿ 600 ಮೆಗಾಬೈಟ್ ಎಂದುಕೊಳ್ಳಿ, ಕೈಗೆ ಸಿಗುವುದು ಸುಮಾರು 550. ತಿರುಗುವ ಹಾರ್ಡ್ ಡಿಸ್ಕಿಗೆ ಇದು ಧಾರಾಳ, ಏಕೆಂದರೆ ಅದು ಸಾಲಾಗಿ ಓದುವಾಗಲೂ 150ರಿಂದ 250 ಮೆಗಾಬೈಟಿನ ಆಚೀಚೆ. ಎಸ್‌ಎಸ್‌ಡಿಗೆ ಮಾತ್ರ ಇದು ಬಿಗಿಯಾದ ಅಂಗಿ.

ಸ್ಯಾಸ್ ಎಂಬುದು ಸರ್ವರುಗಳ ಭಾಷೆ. ಸ್ಕಸಿ ಎಂಬ ಹಳೆಯ ಜೋಡಣೆಯ ಮಗ, ಸಾಟಾದ ಸೋದರ ಸಂಬಂಧಿ. ಹೆಚ್ಚು ಬಳಕೆಯಲ್ಲಿರುವ ಪೀಳಿಗೆಯಲ್ಲಿ ಒಂದು ಸಾಲಿಗೆ 12 ಗಿಗಾಬಿಟ್. ಹೊರಗಿನ ಡಿಸ್ಕ್ ಪೆಟ್ಟಿಗೆಗೆ ಹೋಗುವ ಒಂದು ದಪ್ಪ ಕೇಬಲಿನಲ್ಲಿ ಅಂತಹ ನಾಲ್ಕು ಸಾಲುಗಳಿರುತ್ತವೆ. ಸ್ಯಾಸ್ ಡಿಸ್ಕಿಗೆ ಎರಡು ಬಾಗಿಲು: ಡಿಸ್ಕುಗಳನ್ನು ನಡೆಸುವ ಒಂದು ಕಂಟ್ರೋಲರ್ ಸತ್ತರೆ ಇನ್ನೊಂದರ ಮೂಲಕ ತಲುಪಬಹುದು. ಈ ಎರಡು ಡಿಸ್ಕುಗಳನ್ನು ಹಿಂದಿನ ಸಾಲಿನವರೆಗೂ ದಾಟಿಸಿ, ಕನೆಕ್ಟರನ್ನು ಬೆರಳಿನಿಂದ ಮುಟ್ಟಿ ನೋಡಿ. ಸಾಟಾದಲ್ಲಿ ಡೇಟಾ ಭಾಗಕ್ಕೂ ವಿದ್ಯುತ್ ಭಾಗಕ್ಕೂ ನಡುವೆ ಒಂದು ಕಂದಕ ಇದೆ. ಸ್ಯಾಸ್‌ನಲ್ಲಿ ಆ ಕಂದಕವನ್ನು ಮುಚ್ಚಿ, ಅದರ ಬೆನ್ನಿಗೆ ಎರಡನೆಯ ಬಾಗಿಲಿನ ಸಂಪರ್ಕಗಳನ್ನು ಕೂರಿಸಿದ್ದಾರೆ. ಹಾಗಾಗಿ ಸಾಟಾ ಡಿಸ್ಕು ಸ್ಯಾಸ್ ಜಾಗದಲ್ಲಿ ಕೂರುತ್ತದೆ, ಸ್ಯಾಸ್ ಡಿಸ್ಕು ಸಾಟಾ ಜಾಗದಲ್ಲಿ ಕೂರುವುದಿಲ್ಲ. ಹಳೆಯ ಸರ್ವರಿನ ಸ್ಯಾಸ್ ಡಿಸ್ಕು ಅಗ್ಗಕ್ಕೆ ಸಿಕ್ಕಿತೆಂದು ಮನೆಯ ಕಂಪ್ಯೂಟರಿಗೆ ಕೊಂಡು ತಂದು, ಕೇಬಲ್ ಹಿಡಿದುಕೊಂಡು ನನ್ನ ಮುಂದೆ ನಿಂತವರನ್ನು ಬಹಳ ನೋಡಿದ್ದೇನೆ.

ಎನ್‌ವಿಎಂಇ ತೀರಾ ಬೇರೆ ಮನಸ್ಸಿನದು. ಅದರ ಮೊದಲ ನಿರ್ದಿಷ್ಟ ರೂಪ ಬಂದದ್ದು 2011ರಲ್ಲಿ. ಅದು ಡಿಸ್ಕನ್ನು ಡಿಸ್ಕೆಂದು ನೋಡುವುದೇ ಇಲ್ಲ, ಪ್ರೊಸೆಸರಿಗೆ ಹೋಗುವ ಪಿಸಿಐ ಎಕ್ಸ್‌ಪ್ರೆಸ್ ಎಂಬ ವೇಗದ ಹಾದಿಯಲ್ಲೇ ಕೂರಿಸುತ್ತದೆ. ಮಲ್ಪೆಯ ದಕ್ಕೆಯನ್ನು ನೆನೆಸಿಕೊಳ್ಳಿ. ಆಗಸ್ಟಿನಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮೀನು ತುಂಬಿಕೊಂಡು ಬರುತ್ತವೆ. ಇಳಿಸಲು ಒಂದೇ ಕಟ್ಟೆ, ಅದರ ಮುಂದೆ 32 ಬೋಟು ಮಾತ್ರ ಸಾಲು ನಿಲ್ಲಬಹುದು ಎಂದರೆ ಹೇಗಿರುತ್ತದೆ? ಸಾಟಾ ಡಿಸ್ಕುಗಳ ಲೋಕ ಅದು: ಒಂದು ಸರದಿ, ಅದರಲ್ಲಿ 32 ಆಜ್ಞೆ. ಎನ್‌ವಿಎಂಇ ನಿಯಮದಲ್ಲಿ ಸರದಿಗಳು 65,535ರವರೆಗೆ ಇರಬಹುದು, ಪ್ರತಿ ಸರದಿಯಲ್ಲೂ 65,536 ಆಜ್ಞೆಗಳವರೆಗೆ ನಿಲ್ಲಬಹುದು. ಕಾಗದದ ಮೇಲಿನ ಈ ಮಿತಿಯನ್ನು ಯಾರೂ ಮುಟ್ಟುವುದಿಲ್ಲ. ಆದರೆ ಪ್ರೊಸೆಸರಿನ ಪ್ರತಿಯೊಂದು ಕೋರಿಗೂ ಅದರದ್ದೇ ಕಟ್ಟೆ ಸಿಗುತ್ತದೆ, ನೂಕಾಟ ಇಲ್ಲ. ನಾಲ್ಕನೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕು ಸಾಲು ಸಿಕ್ಕರೆ ಸೆಕೆಂಡಿಗೆ 7 ಗಿಗಾಬೈಟ್ ಸಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಎಂ.2 ಎಂಬುದು ಆಕಾರದ ಹೆಸರು, ಭಾಷೆಯ ಹೆಸರಲ್ಲ. ಚೂಯಿಂಗ್ ಗಮ್ ಪಟ್ಟಿಯಂತಹ ಆ ಎಸ್‌ಎಸ್‌ಡಿ ಒಳಗೆ ಸಾಟಾ ಮಾತಾಡುತ್ತಿರಬಹುದು, ಎನ್‌ವಿಎಂಇ ಮಾತಾಡುತ್ತಿರಬಹುದು. ಸಾಮಾನ್ಯವಾಗಿ ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಸಾಟಾ, ಒಂದೇ ಕಚ್ಚು ಇದ್ದರೆ ಎನ್‌ವಿಎಂಇ. ಕೊಳ್ಳುವ ಮುನ್ನ ಮದರ್‌ಬೋರ್ಡಿನ ಕೈಪಿಡಿಯನ್ನು ಒಮ್ಮೆ ತೆರೆಯಿರಿ. ಅದನ್ನು ಅಚ್ಚು ಹಾಕುವುದು ಬೋಂಡ ಕಟ್ಟಲಿಕ್ಕಲ್ಲ.

ಟಿಂಗ್ ಎಂದಿತು, ಕೇಳಿದಿರಾ? ಮೊಬೈಲ್ ಕೇಬಲಿನ ಪ್ರತಿ ಈಗ ಮುಗಿಯಿತು. ಒಂಬತ್ತೂವರೆ ನಿಮಿಷ. 24 ಸೆಕೆಂಡಿನ ಕೆಲಸ. ಚಾರ್ಜರ್ ಜೊತೆ ಬರುವ ಎಷ್ಟೋ ಟೈಪ್-ಸಿ ಕೇಬಲುಗಳ ಒಳಗೆ ಇರುವುದು ಯುಎಸ್‌ಬಿ 2.0ರ ತಂತಿಗಳು ಮಾತ್ರ. ಸೆಕೆಂಡಿಗೆ 480 ಮೆಗಾಬಿಟ್, ಕೈಗೆ ಹತ್ತುವುದು 35 ಮೆಗಾಬೈಟ್ ಆಸುಪಾಸು. ಪ್ಲಗ್ಗಿನ ರೂಪ ನೋಡಿ ವೇಗ ಅಳೆಯಲು ಬರುವುದಿಲ್ಲ. 'ಡಿಸ್ಕು ನಿಧಾನವಾಗಿದೆ, ಹಾಳಾಗಿರಬೇಕು' ಎಂದು ನನ್ನಲ್ಲಿಗೆ ತಂದ ಡಿಸ್ಕುಗಳಲ್ಲಿ ಹಲವು, ಕೇಬಲ್ ಬದಲಿಸಿದ ಕೂಡಲೇ ವಾಸಿಯಾಗಿವೆ. ಅದಕ್ಕೆ ನಾನು ಹಣ ತೆಗೆದುಕೊಂಡಿದ್ದೇನೆಯೇ ಎಂದು ಕೇಳಬೇಡಿ.

(ಇಲ್ಲಿ ಫೋಟೊ ಸ್ಟುಡಿಯೊ ನಡೆಸುವವರೊಬ್ಬರು ಎದ್ದು ಕೇಳಿದರು: 'ಒಳ್ಳೆಯ ಕೇಬಲೇ ಇದೆ. ಒಂದು ದೊಡ್ಡ ವಿಡಿಯೊ ಬೇಗ ಹೋಗುತ್ತದೆ. ಅಷ್ಟೇ ತೂಕದ ಸಣ್ಣ ಫೋಟೊಗಳನ್ನು ಹಾಕಿದರೆ ಅರ್ಧ ದಿನ. ಯಾಕೆ ಮಾರಾಯರೇ?')

ನಿಮ್ಮದು ತಿರುಗುವ ಡಿಸ್ಕು ಎಂದು ನೀವು ಹೇಳದೆಯೇ ಗೊತ್ತಾಯಿತು. ಇಗೋ, ಮುಚ್ಚಳ ತೆಗೆದ ಹಳೆಯ ಹಾರ್ಡ್ ಡಿಸ್ಕ್. ಕನ್ನಡಿಯಂತಹ ತಟ್ಟೆ, ಅದರ ಮೇಲೆ ಗ್ರಾಮಫೋನಿನ ಸೂಜಿಯ ಹಾಗೆ ತೋಳು. ಸೂಜಿ ತಟ್ಟೆಯನ್ನು ಮುಟ್ಟುವುದಿಲ್ಲ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತದೆ. ಇದು ನಿಮಿಷಕ್ಕೆ 7,200 ಸುತ್ತು ತಿರುಗುವ ಜಾತಿಯದು, ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ನಿಮಗೆ ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, 4.2 ಮಿಲಿಸೆಕೆಂಡ್. ಅದಕ್ಕೂ ಮೊದಲು ತೋಳು ಸರಿಯಾದ ಪಥಕ್ಕೆ ಸರಿಯಬೇಕು, ಅದಕ್ಕೆ ಎಂಟೊಂಬತ್ತು. ಎರಡೂ ಸೇರಿ ಒಂದು ಹುಡುಕಾಟಕ್ಕೆ 12–13 ಮಿಲಿಸೆಕೆಂಡ್. ಸೆಕೆಂಡಿಗೆ ಎಂಬತ್ತು ಹುಡುಕಾಟ ಎಂದಿಟ್ಟುಕೊಳ್ಳಿ. ದೊಡ್ಡ ವಿಡಿಯೊ ಎಂದರೆ ಒಮ್ಮೆ ಹುಡುಕಿ ಉದ್ದಕ್ಕೆ ಓದಿಕೊಂಡು ಹೋಗುವುದು. ಅರುವತ್ತು ಸಾವಿರ ಸಣ್ಣ ಚಿತ್ರಗಳೆಂದರೆ ಕನಿಷ್ಠ ಅರುವತ್ತು ಸಾವಿರ ಹುಡುಕಾಟ. ಹೆಸರು ಬರೆಯಲು, ತಾರೀಕು ಬರೆಯಲು, ಕಡತದ ಪಟ್ಟಿ ತಿದ್ದಲು ಮತ್ತೆ ಬೇರೆ ಬೇರೆ ಓಡಾಟ. ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ, ಹುಡುಕಾಟಕ್ಕೆ ಮಿಲಿಸೆಕೆಂಡಿನ ಸಣ್ಣ ಚೂರು ಸಾಕು. ಸ್ಟುಡಿಯೊದವರು ಕೆಲಸ ಮಾಡುವ ಡಿಸ್ಕು ಎಸ್‌ಎಸ್‌ಡಿ ಆಗಿರಲಿ, ಕೆಲಸ ಮುಗಿದ ಮದುವೆಗಳು ತಿರುಗುವ ಡಿಸ್ಕಿನಲ್ಲಿ ಮಲಗಲಿ. ಮುಗಿದದ್ದನ್ನು ಎಸ್‌ಎಸ್‌ಡಿಗೆ ತುಂಬಿ ವರ್ಷಗಟ್ಟಲೆ ಕಪಾಟಿನಲ್ಲಿ ಇಡಬೇಡಿ. ವಿದ್ಯುತ್ ಸೋಕದೆ ಬಹಳ ಕಾಲ ಬಿದ್ದರೆ ಅದರ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಂಶ ಮೆಲ್ಲನೆ ಸೋರುತ್ತದೆ.

ಈಗ ಸರ್ವರ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾನು ಕಲಿತದ್ದೆಲ್ಲ ಇಲ್ಲಿ ಪೆಟ್ಟು ತಿಂದೇ.

ಸರ್ವರಿನ ಡಿಸ್ಕುಗಳು ತಟ್ಟೆಯಂತಹ ಟ್ರೇಗಳಲ್ಲಿ ಕೂತು, ಹಿಂದಿರುವ ಬ್ಯಾಕ್‌ಪ್ಲೇನ್ ಎಂಬ ಹಲಗೆಗೆ ಕಚ್ಚಿಕೊಳ್ಳುತ್ತವೆ. ಆ ಹಲಗೆಯಿಂದ ಕೇಬಲ್ ಒಂದು ಕಾರ್ಡಿಗೆ ಹೋಗುತ್ತದೆ. ಕಾರ್ಡು ಎರಡು ಬಗೆ. ಒಂದು, ಡಿಸ್ಕುಗಳನ್ನು ಇದ್ದದ್ದು ಇದ್ದ ಹಾಗೆ ಸರ್ವರಿಗೆ ತೋರಿಸುವ ಎಚ್‌ಬಿಎ. ಇನ್ನೊಂದು, ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ ದೊಡ್ಡ ಡಿಸ್ಕೆಂದು ಸುಳ್ಳು ಹೇಳುವ ರೇಡ್ ಕಾರ್ಡ್. ಒಳ್ಳೆಯ ಉದ್ದೇಶದ ಸುಳ್ಳು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಬರೆದ ಪ್ರಬಂಧದಿಂದ ಈ ರೇಡ್ ಎಂಬ ಹೆಸರು ಬಂತು. ಅದರ ಎರಡನೆಯ ಅಕ್ಷರಕ್ಕೆ, ಅಂದರೆ 'ಐ' ಅಕ್ಷರಕ್ಕೆ, ಮೂಲದಲ್ಲಿ 'ಅಗ್ಗದ' ಎಂಬ ಅರ್ಥವಿತ್ತು. ಆಮೇಲೆ ಅದು 'ಸ್ವತಂತ್ರ' ಎಂದಾಯಿತು. ರೇಡ್ ಪೆಟ್ಟಿಗೆಗಳ ಬೆಲೆ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ತಪ್ಪು ಹೇಳಿದೆ, ಎರಡನೆಯದಲ್ಲ, ಮೂರನೆಯ ಅಕ್ಷರ. ನನ್ನ ಎಣಿಕೆಯ ಯೋಗ್ಯತೆ ಇನ್ನೊಂದು ನಿಮಿಷದಲ್ಲಿ ನಿಮಗೆ ಪೂರ್ತಿ ಗೊತ್ತಾಗಲಿದೆ.

ರೇಡ್ 1 ಎಂದರೆ ಒಂದರ ಪಡಿಯಚ್ಚು ಇನ್ನೊಂದರಲ್ಲಿ. ರೇಡ್ 0 ಎಂದರೆ ವೇಗಕ್ಕಾಗಿ ಹಂಚಿ ಬರೆಯುವುದು, ಒಂದು ಸತ್ತರೆ ಎಲ್ಲ ಸತ್ತಂತೆ. ರೇಡ್ 5 ಅಂಗಡಿಯ ಲೆಕ್ಕದ ಹಾಗೆ. ಮೂರು ಬಾಬತ್ತು ಬರೆದು ಕೆಳಗೆ ಒಟ್ಟು ಹಾಕುತ್ತೀರಿ. ಒಂದು ಬಾಬತ್ತಿನ ಮೇಲೆ ಶಾಯಿ ಚೆಲ್ಲಿದರೆ, ಒಟ್ಟಿನಿಂದ ಉಳಿದೆರಡನ್ನು ಕಳೆದು ಅದನ್ನು ಮತ್ತೆ ಪಡೆಯಬಹುದು. ಎರಡರ ಮೇಲೆ ಚೆಲ್ಲಿದರೆ ಕೈ ಚೆಲ್ಲಬೇಕು. ನಾಲ್ಕು ಟಿಬಿಯ ನಾಲ್ಕು ಡಿಸ್ಕು ಹಾಕಿದರೆ ನಿಮಗೆ ಸಿಗುವುದು 12 ಟಿಬಿ, ಒಂದರಷ್ಟು ಜಾಗ ಒಟ್ಟಿನ ಲೆಕ್ಕಕ್ಕೆ ಹೋಗುತ್ತದೆ. ರೇಡ್ 6ರಲ್ಲಿ ಎರಡು ಬಗೆಯ ಒಟ್ಟು, ಹಾಗಾಗಿ ಎರಡು ಡಿಸ್ಕು ಸತ್ತರೂ ಬದುಕು ಉಂಟು. ರೇಡ್ 10 ಎಂದರೆ ಪಡಿಯಚ್ಚಿನ ಜೋಡಿಗಳ ಮೇಲೆ ಹಂಚಿ ಬರೆಯುವುದು.

ಮಂಗಳೂರಿನಲ್ಲಿ ಹಂಪನಕಟ್ಟೆಯ ಹತ್ತಿರದ ಒಂದು ಕಚೇರಿ. ಹಲವು ವರ್ಷಗಳ ಹಿಂದಿನ ಮಾತು. ಸರ್ವರಿನಲ್ಲಿ ನಾಲ್ಕು ಡಿಸ್ಕಿನ ರೇಡ್ 5. ಒಂದು ಡಿಸ್ಕು ಸತ್ತಿತ್ತು, ಪರದೆಯ ಮೇಲೆ 'ಡಿಸ್ಕ್ 2 ವಿಫಲ' ಎಂದು ಬಂದಿತ್ತು. ಹೊಸ ಡಿಸ್ಕು ಹಿಡಿದುಕೊಂಡು ಹೋದೆ. ಸರ್ವರ್ ನಡೆಯುತ್ತಿರುವಾಗಲೇ ಹಳೆಯದನ್ನು ಎಳೆದು ಹೊಸದನ್ನು ತೂರಿಸಬಹುದು, ಆ ಸೌಕರ್ಯ ಇತ್ತು. ಎಡದಿಂದ ಒಂದು, ಎರಡು ಎಂದು ಎಣಿಸಿ, ಎರಡನೆಯದನ್ನು ಎಳೆದೆ. ಹೊರಗೆ ಗುಮಾಸ್ತೆ ಹೆಂಗಸೊಬ್ಬರು 'ಸರ್, ಎಲ್ಲ ನಿಂತಿತು' ಎಂದರು. ಯಂತ್ರ ಸೊನ್ನೆಯಿಂದ ಎಣಿಸುತ್ತದೆ. ಡಿಸ್ಕ್ 2 ಎಂದರೆ ಎಡದಿಂದ ಮೂರನೆಯದು. ನಾನು ಎಳೆದದ್ದು ಗಟ್ಟಿಮುಟ್ಟಾಗಿ ದುಡಿಯುತ್ತಿದ್ದ ಡಿಸ್ಕು. ಸತ್ತದ್ದು ಒಂದು, ನಾನು ಸಾಯಿಸಿದ್ದು ಒಂದು, ಒಟ್ಟು ಎರಡು ಬಾಬತ್ತಿನ ಮೇಲೆ ಶಾಯಿ.

ಕೈಯಲ್ಲಿ ಟ್ರೇ ಹಿಡಿದುಕೊಂಡು ನಿಂತ ಆ ಅರ್ಧ ನಿಮಿಷ ನನಗೆ ಇನ್ನೂ ನೆನಪಿದೆ. ಟ್ರೇ ಬಿಸಿಯಾಗಿತ್ತು, ಒಳಗೆ ತಟ್ಟೆ ಇನ್ನೂ ತಿರುಗುತ್ತಾ ಅಂಗೈಯಲ್ಲಿ ಗಿರಗಟ್ಟೆಯ ಹಾಗೆ ನಡುಗುತ್ತಿತ್ತು. ಸುಮ್ಮನೆ ಅದನ್ನು ಅದೇ ಜಾಗಕ್ಕೆ ವಾಪಸು ತೂರಿಸಿ, ಕಾರ್ಡಿನ ಮೆನುವಿಗೆ ಹೋಗಿ, ಆ ಡಿಸ್ಕನ್ನು ಬಲವಂತವಾಗಿ ಮತ್ತೆ ಸಾಲಿಗೆ ಸೇರಿಸಿದೆ. ನಾನು ಎಳೆದ ಕ್ಷಣವೇ ಬರವಣಿಗೆ ನಿಂತಿದ್ದರಿಂದ ಲೆಕ್ಕ ತಪ್ಪಿರಲಿಲ್ಲ, ಎಲ್ಲ ಮರಳಿ ಬಂತು. ಅಂದಿನಿಂದ ನಾನು ಹೋದ ಪ್ರತಿ ಸರ್ವರಿನ ಪ್ರತಿ ಟ್ರೇಯ ಮೇಲೂ ಡಿಸ್ಕಿನ ಸರಣಿ ಸಂಖ್ಯೆಯ ಚೀಟಿ ಅಂಟಿಸುತ್ತೇನೆ. ಎಳೆಯುವ ಮುನ್ನ ಆ ಡಿಸ್ಕಿನ ದೀಪ ಮಿನುಗುವ ಆಜ್ಞೆ ಕೊಟ್ಟು, ಮಿನುಗಿದ್ದನ್ನು ಕಣ್ಣಾರೆ ನೋಡಿಯೇ ಕೈ ಹಾಕುತ್ತೇನೆ.

ಹೊಸ ಡಿಸ್ಕು ಹಾಕಿದ ಮೇಲೂ ಕೆಲಸ ಮುಗಿಯುವುದಿಲ್ಲ. ನಾಲ್ಕು ಟಿಬಿಯನ್ನು ಸೆಕೆಂಡಿಗೆ 150 ಮೆಗಾಬೈಟಿನಂತೆ ಬರೆದರೂ ಏಳೂವರೆ ಗಂಟೆ ಬೇಕು. ಸರ್ವರ್ ಮಧ್ಯೆ ಜನರ ಕೆಲಸವನ್ನೂ ಮಾಡುತ್ತಿದ್ದರೆ ಒಂದು ದಿನ ದಾಟಬಹುದು. ಆ ಹೊತ್ತಿನಲ್ಲಿ ಉಳಿದ ಮೂರೂ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಲೇಬೇಕು. ಅವೂ ಒಂದೇ ದಿನ ಕೊಂಡ, ಒಂದೇ ವಯಸ್ಸಿನ ಡಿಸ್ಕುಗಳು. ಹಾಗಾಗಿ ದೊಡ್ಡ ಡಿಸ್ಕುಗಳಿಗೆ ರೇಡ್ 5 ಬೇಡ, ರೇಡ್ 6 ಅಥವಾ 10 ಇರಲಿ ಎಂಬುದು ನನ್ನ ಮಾತು. ಒಂದು ಡಿಸ್ಕಿನ ಖರ್ಚು ಹೆಚ್ಚು, ಒಂದು ರಾತ್ರಿಯ ನಿದ್ದೆ ಉಳಿತಾಯ.

ಎರಡನೆಯ ಕತೆ ನನ್ನ ತಪ್ಪಲ್ಲ, ಸಿಡಿಲಿನದು. ಮೇ ತಿಂಗಳು, ಮುಂಗಾರಿಗೆ ಮುಂಚಿನ ಗುಡುಗು. ಮದುವೆ ಕಾಲ ಬೇರೆ. ಒಬ್ಬ ವಿಡಿಯೊ ಕೆಲಸಗಾರರ ಮನೆಯಲ್ಲಿ ಐದು ಡಿಸ್ಕಿನ ಹೊರಗಿನ ಪೆಟ್ಟಿಗೆ ಇತ್ತು, ಕಂಪ್ಯೂಟರಿಗೆ ಒಂದೇ ಕೇಬಲಿನಿಂದ ಜೋಡಿಸಿದ್ದು. ರೇಡ್ ಲೆಕ್ಕ ಮಾಡುವ ಚಿಪ್ಪು ಪೆಟ್ಟಿಗೆಯ ಒಳಗೇ ಇತ್ತು. ಸಿಡಿಲು ಬಡಿದಾಗ ಆ ಹಲಗೆ ಸುಟ್ಟಿತು. ಡಿಸ್ಕುಗಳು ಐದೂ ಜೀವಂತ. 'ಡಿಸ್ಕಿಗೆ ಏನೂ ಆಗಿಲ್ಲವಲ್ಲ, ಬೇರೆ ಕಂಪ್ಯೂಟರಿಗೆ ಹಾಕೋಣ' ಎಂದು ಅವರು ಒಂದನ್ನು ಹಾಕಿದರು. ಪರದೆಯ ಮೇಲೆ 'ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?' ಎಂಬ ಪ್ರಶ್ನೆ ಬಂತು. ಪುಣ್ಯಕ್ಕೆ ಅಷ್ಟರಲ್ಲಿ ನನಗೆ ಫೋನು ಮಾಡಿದರು.

ಆಗಿದ್ದೇನೆಂದರೆ, ಐದು ಡಿಸ್ಕುಗಳಲ್ಲಿ ಯಾವ ತುಂಡು ಎಲ್ಲಿದೆ, ತುಂಡಿನ ಗಾತ್ರ ಎಷ್ಟು, ಒಟ್ಟು ಎಲ್ಲಿ ಬರೆದಿದೆ ಎಂಬುದು ಆ ಚಿಪ್ಪಿಗೆ ಮಾತ್ರ ತಿಳಿಯುವ ರೀತಿಯಲ್ಲಿತ್ತು. ಒಡೆಯ ಸತ್ತ, ದಾಸನಿಗೆ ಬೇರೆಯವರ ಮಾತು ಅರ್ಥವಾಗದು. ಅದೇ ಮಾದರಿಯ ಹಳೆಯ ಪೆಟ್ಟಿಗೆಯೊಂದು ಬೇರೆ ಊರಿನಿಂದ ಬರುವವರೆಗೆ ಹನ್ನೊಂದು ದಿನ ಕಾದೆವು. ಡಿಸ್ಕುಗಳನ್ನು ಅದೇ ಕ್ರಮದಲ್ಲಿ ಕೂರಿಸಿದಾಗ ಎಲ್ಲ ಮದುವೆಗಳೂ ಎದ್ದು ಬಂದವು. ಅವುಗಳಲ್ಲಿ ಒಂದರ ಮದುಮಗಳ ತಂದೆ ಅಷ್ಟರಲ್ಲಿ ವಿಡಿಯೊದವರ ಮನೆಗೆ ನಾಲ್ಕು ಸಲ ಬಂದು ಜಗಲಿಯಲ್ಲಿ ಕುಳಿತು ಹೋಗಿದ್ದರು.

ಅದಕ್ಕೇ ನಾನು ಈಗ, ಸಾಧ್ಯವಾದಲ್ಲೆಲ್ಲ, ಪೆಟ್ಟಿಗೆಯ ಚಿಪ್ಪಿಗೆ ಆ ಕೆಲಸ ಕೊಡುವುದಿಲ್ಲ. ಪೆಟ್ಟಿಗೆ ಸುಮ್ಮನೆ ಡಿಸ್ಕುಗಳನ್ನು ಬಿಡಿಬಿಡಿಯಾಗಿ ತೋರಿಸಲಿ, ಜೋಡಿಸುವ ಲೆಕ್ಕವನ್ನು ಆಪರೇಟಿಂಗ್ ಸಿಸ್ಟಮ್ ಮಾಡಲಿ. ಲಿನಕ್ಸಿನ ರೇಡ್ ಆದರೆ ಡಿಸ್ಕುಗಳನ್ನು ಬಿಚ್ಚಿ ಬೇರೆ ಯಾವ ಲಿನಕ್ಸ್ ಯಂತ್ರಕ್ಕೆ ಹಾಕಿದರೂ ಗುರುತು ಹಿಡಿಯುತ್ತದೆ. ಡಿಸ್ಕುಗಳನ್ನು ಜೋಡಿಸುವ ಲೆಕ್ಕವನ್ನೂ ತಾನೇ ಮಾಡುವ ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಕೂಡ ಹಾಗೆಯೇ.

(ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ: 'ಪೆಟ್ಟಿಗೆಯಲ್ಲಿ ಎರಡು ಬಾಗಿಲು ಇದ್ದರೆ ಎರಡು ಕಂಪ್ಯೂಟರಿಗೆ ಒಟ್ಟಿಗೆ ಜೋಡಿಸಬಹುದಲ್ಲ ಸರ್?')

ಕೇಬಲ್ ಕೂರುತ್ತದೆ ಮಗಳೇ, ಡೇಟಾ ಉಳಿಯುವುದಿಲ್ಲ. ಇಬ್ಬರು ಗುಮಾಸ್ತರು ಒಂದೇ ಲೆಕ್ಕದ ಪುಸ್ತಕವನ್ನು ಬೆಳಿಗ್ಗೆ ತಂತಮ್ಮ ಹಾಳೆಗೆ ಇಳಿಸಿಕೊಂಡು, ದಿನವಿಡೀ ತಂತಮ್ಮ ಹಾಳೆಯಲ್ಲೇ ತಿದ್ದಿ, ಸಂಜೆ ಪುಸ್ತಕದ ಮೇಲೆ ಬರೆದರೆ ಏನಾಗುತ್ತದೆ? ಹಾಗೆ. ವಿಂಡೋಸಿನ ಎನ್‌ಟಿಎಫ್‌ಎಸ್, ಲಿನಕ್ಸಿನ ಇಎಕ್ಸ್‌ಟಿ4 ಮುಂತಾದ ಮಾಮೂಲಿ ಕಡತ ವ್ಯವಸ್ಥೆಗಳೆಲ್ಲ 'ಈ ಡಿಸ್ಕಿಗೆ ನಾನೊಬ್ಬನೇ' ಎಂಬ ನಂಬಿಕೆಯ ಮೇಲೆ ನಿಂತಿವೆ. ಹಂಚಿಕೊಳ್ಳಬೇಕಾದರೆ ನಡುವೆ ಒಬ್ಬ ಪಾರುಪತ್ಯಗಾರ ಬೇಕು, ಅದೇ ನ್ಯಾಸ್. ಅದು ಕಡತಗಳನ್ನು ನೆಟ್‌ವರ್ಕಿನ ಮೇಲೆ ಕೊಡುತ್ತದೆ, ಯಾರು ತೆರೆದಿದ್ದಾರೆ ಎಂಬ ಲೆಕ್ಕ ಇಡುತ್ತದೆ. ನಿಮ್ಮ ಕಚೇರಿಯಲ್ಲಿ ಐದಾರು ಮಂದಿ ಒಂದೇ ಕಡತಗಳನ್ನು ತೆರೆಯುತ್ತಾರಾದರೆ ನ್ಯಾಸ್ ತನ್ನಿ, ನನ್ನ ತಕರಾರಿಲ್ಲ. ಆದರೆ ಮಾಮೂಲಿ ಗಿಗಾಬಿಟ್ ನೆಟ್‌ವರ್ಕ್ ಕೊಡುವುದು ಹೆಚ್ಚೆಂದರೆ ಸೆಕೆಂಡಿಗೆ 125 ಮೆಗಾಬೈಟ್, ಒಂದು ಸಾದಾ ಹಾರ್ಡ್ ಡಿಸ್ಕಿನ ಓಟಕ್ಕಿಂತಲೂ ಕಡಿಮೆ. ಒಬ್ಬರೇ ಕುಳಿತು ವಿಡಿಯೊ ಕತ್ತರಿಸುವವರು, ಒಬ್ಬರೇ ವಕೀಲರು, ಒಂದೇ ಕಂಪ್ಯೂಟರಿನ ಮುದ್ರಣಾಲಯ, ಇವರಿಗೆಲ್ಲ ನ್ಯಾಸ್ ಮಾರುವವರು ಮನೆಯ ಬಾವಿ ಮುಚ್ಚಿಸಿ ನಳ್ಳಿ ಹಾಕಿಸುವವರು. ಸ್ಯಾನ್ ಎಂಬ ಮೂರನೆಯದೂ ಇದೆ, ದೊಡ್ಡ ಬ್ಯಾಂಕು, ಆಸ್ಪತ್ರೆಗಳಿಗೆ. ಅದರ ಬಗ್ಗೆ ಇಂದು ಹೇಳುವುದಿಲ್ಲ. ಅದನ್ನು ಕೊಳ್ಳುವವರು ನನ್ನನ್ನು ಕೇಳಿ ಕೊಳ್ಳುವುದಿಲ್ಲ.

ದೊಡ್ಡವರ ಲೋಕದಲ್ಲೂ ಬಾವಿಗೆ ಮರ್ಯಾದೆ ಕಡಿಮೆಯಾಗಿಲ್ಲ. ಗೂಗಲ್ ತನ್ನ ಕಡತ ವ್ಯವಸ್ಥೆಯ ವಿವರವನ್ನು 2003ರಲ್ಲಿ ಪ್ರಕಟಿಸಿದಾಗ ಜನ ಕಂಡದ್ದು ಇದನ್ನೇ: ಸಾದಾ ಯಂತ್ರಗಳು, ಪ್ರತಿಯೊಂದರ ಹೊಟ್ಟೆಯಲ್ಲೂ ಸಾದಾ ಡಿಸ್ಕುಗಳು, ಪ್ರತಿ ತುಂಡಿಗೂ ಬೇರೆ ಬೇರೆ ಯಂತ್ರಗಳಲ್ಲಿ ಮೂರು ಪ್ರತಿ. ಹಲವು ಯಂತ್ರಗಳಿಗೆ ಲೆಕ್ಕ ಹಂಚುವ ಹಡೂಪ್ ಎಂಬ ತಂತ್ರಾಂಶ ಅದೇ ದಾರಿ ಹಿಡಿಯಿತು. ಡೇಟಾವನ್ನು ಲೆಕ್ಕದ ಬಳಿಗೆ ಸಾಗಿಸುವ ಬದಲು, ಡೇಟಾ ಇರುವ ಯಂತ್ರಕ್ಕೇ ಲೆಕ್ಕವನ್ನು ಕಳುಹಿಸು ಎಂಬುದು ಅದರ ಸೂತ್ರ. ಅಮೆಜಾನಿನ ಕ್ಲೌಡಿನಲ್ಲೂ ಇನ್‌ಸ್ಟೆನ್ಸ್ ಸ್ಟೋರ್ ಎಂಬ ಹೆಸರಿನಲ್ಲಿ ಇಂತಹ ಡಿಸ್ಕು ಸಿಗುತ್ತದೆ. ಬಹಳ ವೇಗ, ಆದರೆ ಯಂತ್ರವನ್ನು ನಿಲ್ಲಿಸಿದರೆ ಅದರಲ್ಲಿದ್ದದ್ದು ಹೋಯಿತು. ಒಡೆಯನೊಂದಿಗೆ ಸಹಗಮನ.

('ಅಷ್ಟೆಲ್ಲ ಯಾಕೆ, ಎಲ್ಲವನ್ನೂ ಕ್ಲೌಡಿಗೆ ಹಾಕಿದರೆ ಸಾಲದೇ?' ಎಂದರು ಹಿಂದಿನಿಂದ.)

ಲೆಕ್ಕ ಹಾಕೋಣ. ನಿಮ್ಮ ಬಳಿ 2 ಟಿಬಿ ಇದೆ. ಮನೆಯ ಇಂಟರ್‌ನೆಟ್ಟು ಮೇಲಕ್ಕೆ ಕಳುಹಿಸುವಾಗ ಸೆಕೆಂಡಿಗೆ 50 ಮೆಗಾಬಿಟ್ ಕೊಡುತ್ತದೆ ಎನ್ನೋಣ. 89 ಗಂಟೆ. ಹೆಚ್ಚು ಕಡಿಮೆ ನಾಲ್ಕು ದಿನ, ಅದೂ ಈ ಮಳೆಯಲ್ಲಿ ಒಮ್ಮೆಯೂ ಕರೆಂಟು ಹೋಗದಿದ್ದರೆ. ಕಳುಹಿಸಬೇಡಿ ಎನ್ನುವುದಿಲ್ಲ, ಮುಖ್ಯವಾದದ್ದನ್ನು ಆರಿಸಿ ಕಳುಹಿಸಿ. ಉಳಿದದ್ದಕ್ಕೆ ಎರಡನೆಯ ಡಿಸ್ಕು ಕೊಂಡು, ವಾರಕ್ಕೊಮ್ಮೆ ಪ್ರತಿ ಮಾಡಿ, ಕೇಬಲ್ ಕಳಚಿ ಕಪಾಟಿನಲ್ಲಿಡಿ. ಕಳಚಿ ಎಂದೆ, ಗಮನಿಸಿ. ಸಿಕ್ಕಿಸಿಯೇ ಇಟ್ಟ ಡಿಸ್ಕನ್ನು ಸಿಡಿಲೂ ತಲುಪುತ್ತದೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸೂ ತಲುಪುತ್ತದೆ. ರೇಡ್ ಇದೆಯಲ್ಲ ಎನ್ನಬೇಡಿ. ನೀವು ತಪ್ಪಿ ಅಳಿಸಿದ ಕಡತವನ್ನು ರೇಡ್ ಬಹಳ ಪ್ರಾಮಾಣಿಕವಾಗಿ ಎಲ್ಲ ಡಿಸ್ಕುಗಳಿಂದಲೂ ಅಳಿಸುತ್ತದೆ.

ಕಪಾಟಿನ ಬಗ್ಗೆಯೂ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಸಲು ಹಿಡಿಯುತ್ತದೆ. ಕನೆಕ್ಟರಿನ ಹೊಳಪು ಕಿಲುಬಾಗುವುದು ನೋಡನೋಡುತ್ತ ಆಗುವ ಕೆಲಸ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ತಿಂಗಳಿಗೊಮ್ಮೆ ಹೊರತೆಗೆದು ಓಡಿಸಿ ನೋಡುವುದು. ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಡಿ, ಧೂಳು ಸೇರುತ್ತದೆ. ನಗಬೇಡಿ, ಇಟ್ಟವರನ್ನು ನೋಡಿದ್ದೇನೆ.

ಇನ್ನು, 1 ಟಿಬಿಯ ಡಿಸ್ಕು ಕಂಪ್ಯೂಟರಿನಲ್ಲಿ 931 ಜಿಬಿ ಎಂದು ತೋರಿಸುವುದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಅಂಗಡಿಯವನೊಂದಿಗೆ ಜಗಳ ಬೇಡ.

ಮಾತು ಇಲ್ಲಿಗೆ ಮುಗಿಯಬೇಕಿತ್ತು. ಎಲ್ಲರೂ ಚಹಾಕ್ಕೆ ಎದ್ದಾಗ ಹಿರಿಯರೊಬ್ಬರು ಬಳಿ ಬಂದು, ಬೈರಾಸಿನಲ್ಲಿ ಸುತ್ತಿದ್ದ ಒಂದು ಹಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಅದರಲ್ಲಿ ತಾಳಮದ್ದಳೆಯ ಧ್ವನಿಮುದ್ರಣಗಳಿದ್ದವಂತೆ, ಕ್ಯಾಸೆಟ್ಟುಗಳಿಂದ ಇಳಿಸಿದ್ದು, ಕ್ಯಾಸೆಟ್ಟುಗಳು ಈಗಿಲ್ಲ. 'ಟಿಕ್ ಟಿಕ್ ಎನ್ನುತ್ತದೆ, ತೆರೆಯುವುದಿಲ್ಲ. ಹೋಯಿತು ಎಂದರು ಅಂಗಡಿಯವರು' ಎಂದರು. ಮನೆಯಲ್ಲಿ ಹೇಗೆ ಸಿಕ್ಕಿಸುತ್ತೀರಿ ಎಂದು ಕೇಳಿದೆ. ಮೌಸು, ಕೀಬೋರ್ಡು, ಪೆನ್ ಡ್ರೈವ್ ಎಲ್ಲ ಸಿಕ್ಕಿಸಿದ ಒಂದು ಯುಎಸ್‌ಬಿ ಹಬ್‌ಗೆ ಎಂದರು. ಕಂಪ್ಯೂಟರಿನ ಹಳೆಯ ಯುಎಸ್‌ಬಿ ತೂತು ಕೊಡುವುದೇ 500 ಮಿಲಿಆಂಪಿಯರ್. ಅದನ್ನೂ ನಾಲ್ವರು ಹಂಚಿಕೊಂಡರೆ ಡಿಸ್ಕಿನ ತಟ್ಟೆ ತಿರುಗಲು ಹೊರಟು, ಶಕ್ತಿ ಸಾಲದೆ ಮತ್ತೆ ಕೂರುತ್ತದೆ. ಟಿಕ್ ಎನ್ನುವುದು ಒಮ್ಮೊಮ್ಮೆ ಸಾವಿನ ಸದ್ದು, ಒಮ್ಮೊಮ್ಮೆ ಬರೀ ಹಸಿವಿನ ಸದ್ದು.

ಲ್ಯಾಪ್‌ಟಾಪಿನ ನೀಲಿ ತೂತಿಗೆ ನೇರವಾಗಿ ಸಿಕ್ಕಿಸಿದೆ, ಅದು 900 ಮಿಲಿಆಂಪಿಯರ್ ಕೊಡುತ್ತದೆ. ಒಂದು ಟಿಕ್. ಆಮೇಲೆ ತಟ್ಟೆ ವೇಗ ಹಿಡಿಯುವ ತೆಳ್ಳನೆಯ ಸ್ವರ. ಪರದೆಯ ಮೇಲೆ ಕಡತಗಳ ಸಾಲು ಬಂತು, ಪ್ರಸಂಗದ ಹೆಸರು, ಊರು, ತಾರೀಕು. ಒಂದನ್ನು ಒತ್ತಿದೆ. ಚೆಂಡೆಯ ಮೇಲೆ ಭಾಗವತರ ಸ್ವರ ಏರಿದಾಗ ಚಹಾದ ಲೋಟ ಹಿಡಿದವರೆಲ್ಲ ಮೇಜಿನ ಸುತ್ತ ಬಂದು ನಿಂತರು.

ಇದರ ಇನ್ನೊಂದು ಪ್ರತಿ ಎಲ್ಲಿದೆ ಎಂದು ಕೇಳಿದೆ. ಅವರು ಮಾತಾಡದೆ ಬೈರಾಸನ್ನು ಮಡಚಿದರು. ಮೊದಲಿನ ಪ್ರದರ್ಶನಕ್ಕೆ ತಂದಿದ್ದ ಎಸ್‌ಎಸ್‌ಡಿಯಲ್ಲಿ ಜಾಗ ಇತ್ತು, ಅಲ್ಲೇ ಪ್ರತಿ ಮಾಡಲು ಕೂರಿಸಿದೆ. 300 ಜಿಬಿ. ಎರಡು ಗಂಟೆ ಇಪ್ಪತ್ತು ನಿಮಿಷ ಎಂದು ತೋರಿಸಿತು. 'ಆ 24 ಸೆಕೆಂಡಿನ ಕೇಬಲ್ ಹಾಕಿ ಸರ್' ಎಂದಳು ವಿದ್ಯಾರ್ಥಿನಿ. ಹಾಕಿ ಪ್ರಯೋಜನವಿರಲಿಲ್ಲ, ಹಿರಿಯರ ಡಿಸ್ಕಿನ ಪೆಟ್ಟಿಗೆಯೇ ಯುಎಸ್‌ಬಿ 2.0ರ ಕಾಲದ್ದು. ಸಭಾಂಗಣದ ಬೀಗದ ಕೈ ಹಿಡಿದವರು ಬಾಗಿಲಲ್ಲಿ ಬಂದು ನಿಂತು, ಮೇಜನ್ನು ನೋಡಿದರು, ಮಳೆಯನ್ನು ನೋಡಿದರು, ಆಮೇಲೆ ತಾವೂ ಒಂದು ಕುರ್ಚಿ ಎಳೆದುಕೊಂಡು ಕುಳಿತರು.